ಮಳೆ ನಿಂತ ಮೇಲೆ ಅರಳಿದ ಕಿವಿಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಅಣಬೆ ಮುಟ್ಟುತ್ತಿರಲಿಲ್ಲ. ಯಾವುದರಲ್ಲಿ ವಿಷವಿದೆಯೋ ತಿಳಿಯದು ಎಂಬ ಭಯ. ಅಂಥ ಮನೆಯ ಹುಡುಗಿ, ನನ್ನ ಅಕ್ಕ, ಒಂದು ದಿನ ಅಣಬೆ ತಿಂದುಬಿಟ್ಟಳು.

ತರೀಕೆರೆಯಾಚೆ, ಕಾಡು ಶುರುವಾಗುವಲ್ಲಿ ನಮ್ಮ ಹೊಲವಿತ್ತು. ಅದರ ಅಂಚಿನಲ್ಲಿ ಹಿಂದಿನ ವರ್ಷ ಬಿದ್ದಿದ್ದ ಮಾವಿನ ಮರವನ್ನು ಸೌದೆಗೆ ಕಡಿಯಲು ಅಪ್ಪ ಗಾಡಿ ಕಟ್ಟಿದ. ನಾನೂ ಅಕ್ಕನೂ ಹತ್ತಿ ಕೂತೆವು. ದಿಮ್ಮಿಯ ತುಂಬ ಸೀದ ರೊಟ್ಟಿಯ ಚೂರಿನಂಥ ಕಪ್ಪು ಚಕ್ಕೆಗಳು ಒಣಗಿ ಅಂಟಿಕೊಂಡಿದ್ದವು. ಉಗುರಿನಿಂದ ಕೀಳಲು ನೋಡಿದೆ, ಬರಲಿಲ್ಲ.

ಅಪ್ಪನ ಮೊದಲ ಏಟಿಗೇ ಕೊಡಲಿ ಮೆತ್ತಗೆ ಒಳಗಿಳಿಯಿತು. ಮರ ಬಿಳಿಚಿಕೊಂಡು ನಾರುನಾರಾಗಿತ್ತು. ಒಳಗಿಂದ ಹುಳುಗಳು ಉದುರಿದವು.

"ಇದು ಸೌದೆಗೆ ಬರಲ್ಲ ಕಣ್ರೋ. ಅಣಬೆ ಒಳಗೆಲ್ಲ ತಿಂದ್ಬಿಟ್ಟೈತೆ. ಇನ್ನು ಮಣ್ಣಾಗೋದೇ," ಎಂದ ಅಪ್ಪ.

ಅಷ್ಟರಲ್ಲಿ ಮಳೆ ಸುರಿಯಿತು. ಗಾಡಿಯ ಕೆಳಗೆ ಮುದುಡಿ ಕೂತೆವು. ಬಹಳ ಹೊತ್ತಿನ ಮೇಲೆ ಹೊರಬಂದು ನೋಡಿದರೆ, ಆ ಕಪ್ಪು ಚಕ್ಕೆಗಳೆಲ್ಲ ನೀರು ಕುಡಿದು ಕಿವಿಗಳಾಗಿ ಅರಳಿದ್ದವು! ಕಂದು ಬಣ್ಣ, ಎಳೆಗರುವಿನ ಕಿವಿಯಷ್ಟು ಮೆತ್ತಗೆ, ತಣ್ಣಗೆ. ಮುಟ್ಟಿದರೆ ನಡುಗುತ್ತಿದ್ದವು. ಅಪ್ಪ ಎತ್ತುಗಳನ್ನು ತರಲು ಹೋಗಿದ್ದ. ಅಕ್ಕ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಕುರುಂ ಕುರುಂ ಸದ್ದು.

"ಏನೇ ಅದು ಬಾಯಲ್ಲಿ? ಉಗುಳೇ!" ಅಪ್ಪ ಓಡಿಬಂದ. ಅಕ್ಕ ನುಂಗಿಯಾಗಿತ್ತು.

ಅಪ್ಪ ಒಂದು ಅಣಬೆಯನ್ನು ಮುತ್ತುಗದೆಲೆಯಲ್ಲಿ ಸುತ್ತಿಕೊಂಡು ಗಾಡಿಯನ್ನು ನೇರ ತರೀಕೆರೆ ಆಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ಕೇಳುವುದೇ ಕೆಲಸ. "ಹೊಟ್ಟೆ ನೋಯ್ತೈತೇನೇ?" "ಇಲ್ಲಪ್ಪ." "ತಲೆ ಸುತ್ತುತ್ತಾ?" "ಇಲ್ಲಪ್ಪ."

ಡಾಕ್ಟರು ಎಲೆ ಬಿಚ್ಚಿ ಅಣಬೆಯನ್ನು ಬೆಳಕಿಗೆ ಹಿಡಿದರು. "ಸತ್ತ ಮರದ ಮೇಲಿತ್ತಾ? ಕಿವಿ ಅಣಬೆ ಅನ್ಸುತ್ತೆ. ನಮ್ಮೂರ ಕಡೆ ಬೇಯಿಸಿ ತಿಂತಾರೆ. ಆದ್ರೆ ಅನ್ಸುತ್ತೆ ಅಂತ ಹಂಗೇ ಕಳಿಸೋಕಾಗಲ್ಲ ಕಣ್ರೀ. ಸಂಜೆವರೆಗೆ ಇಲ್ಲೇ ಇರಿ. ಆಮೇಲೂ ಎರಡು ದಿನ ಮಗು ಮೇಲೆ ಕಣ್ಣಿಟ್ಟಿರಿ."

ಆ ಮಧ್ಯಾಹ್ನ ಮುಗಿಯಲೇ ಇಲ್ಲ. ಫಿನಾಯಿಲ್ ವಾಸನೆಯ ಬೆಂಚಿನ ಮೇಲೆ ಅಕ್ಕ ಕಾಲಾಡಿಸುತ್ತ ಕೂತಿದ್ದಳು. ಅಪ್ಪ ಕೂರುತ್ತಿದ್ದ, ಏಳುತ್ತಿದ್ದ, ಬಾಗಿಲವರೆಗೆ ಹೋಗಿ ಮರಳುತ್ತಿದ್ದ. ಅವಳು ಆಕಳಿಸಿದರೂ ಬೆಚ್ಚಿಬೀಳುತ್ತಿದ್ದ. ಹೊತ್ತು ಇಳಿಯುವಾಗ ಅಕ್ಕ, "ಅಪ್ಪ, ಹಸಿವು," ಎಂದಳು. ಅಪ್ಪ ಅವಳನ್ನು ಎದೆಗವಚಿಕೊಂಡ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳಿಗೆ ಏನೂ ಆಗಲಿಲ್ಲ. ಆದರೂ ಎರಡು ರಾತ್ರಿ ಅಪ್ಪ ಅವಳ ಪಕ್ಕದಲ್ಲೇ ಕೂತಿದ್ದ.

ಮಕ್ಕಳೇ, ನೀವು ಫೋನಿನಲ್ಲಿ ಫೋಟೋ ಹಿಡಿದರೆ ಸಾಕು, ಗಿಡವೋ ಅಣಬೆಯೋ, ಹೆಸರು ಬಂದುಬಿಡುತ್ತದೆ. ನಮಗೆ ಆ ಭಾಗ್ಯವಿರಲಿಲ್ಲ, ನಿಮಗಿರುವುದು ಸಂತೋಷವೇ. ಆದರೆ ಹೆಸರು ಸಿಕ್ಕಿತೆಂದು ಕಾಡಿನದನ್ನು ಬಾಯಿಗಿಡಬೇಡಿ. ಮಗಳ ಮುಖ ನೋಡುತ್ತ ಸಂಜೆಯವರೆಗೆ ಕಾಯುವ ಗಟ್ಟಿ ಎದೆ ಅಪ್ಪನಿಗಿತ್ತು, ನಿಮ್ಮ ಮುಖ ನೋಡುತ್ತ ಹಾಗೆ ಕಾಯುವ ಎದೆ ನನಗಿಲ್ಲ.