ಕುಕೊ ಓರಣ ಮಾಡಿದ ವಿಮಾನ

ರೆಫೂಹಿಯೊ ಬ್ರಾಕಮೊಂಟೆಗೆ ಓರಣದ ಹುಚ್ಚು. ಅಮೆರಿಕದ ಟೂಸಾನ್ ಊರಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕುಕೊ ಎಂದು. ನೆಂಟರ ಮನೆಗೆ ಊಟಕ್ಕೆ ಹೋದರೂ ಗೋಡೆಯ ಮೇಲಿನ ಸಂತರ ಪಟ ಸೊಟ್ಟಗಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿ, ಆಮೇಲೆ ಕೂರುವ ಜಾತಿ. ಇಂಥವನೊಡನೆ ಬಾಳುವೆ ಮಾಡಿದ ಹೆಂಡತಿ ಚೋನಾಳನ್ನು ಚರ್ಚಿನ ಪಾದ್ರಿಯೇ ಒಮ್ಮೆ ತಾಳ್ಮೆಗೆ ಉದಾಹರಣೆಯಾಗಿ ಹೆಸರಿಸಿದ್ದರು.

ವಾಯುಪಡೆಯಲ್ಲಿ ಈ ಹುಚ್ಚಿಗೆ ಸಂಬಳ ಸಿಕ್ಕಿತು. ಉತ್ತರದ ಹಿಮದ ಸೀಮೆಯಲ್ಲಿ, ಎಂಟು ಎಂಜಿನ್ನಿನ ಬಿ-52 ಬಾಂಬರ್ ಒಂದಕ್ಕೆ ಬಹಳ ವರ್ಷ ಅವನೇ ಮುಖ್ಯ ಮೆಕ್ಯಾನಿಕ್. ವಿಮಾನ ಮೆಕ್ಯಾನಿಕ್‌ನದು, ಪೈಲಟ್‌ಗಳು ಬರೀ ಎರವಲು ಒಯ್ಯುವವರು ಎಂಬುದು ಆ ಕಸುಬಿನವರ ನಂಬಿಕೆ. ರಷ್ಯದ ಮೇಲೆ ಅಣುಬಾಂಬು ಹಾಕಲೆಂದು ಅವನು ಅದನ್ನು ಹಗಲಿರುಳು ಸಿದ್ಧವಾಗಿಟ್ಟಿದ್ದ. ಹಾಕುವ ದಿನ ಬರಲೇ ಇಲ್ಲ; ಅದಕ್ಕೆ ಅವನಿಗೆ ಬೇಸರವೂ ಇರಲಿಲ್ಲ. ವಿಮಾನ ಚೊಕ್ಕಟವಾಗಿತ್ತು, ಅಷ್ಟು ಸಾಕಿತ್ತು.

ನಿವೃತ್ತನಾಗಿ ಊರಿಗೆ ಬಂದವನಿಗೆ ಊರಾಚೆಯ ಮರುಭೂಮಿಯಲ್ಲಿ, ವಿಮಾನ ಒಡೆಯುವ ಗುತ್ತಿಗೆದಾರನ ಬಳಿ ದೊಡ್ಡ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕಿತು. ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು ಬಾಂಬರ್‌ಗಳನ್ನು ಕಡಿಮೆ ಮಾಡುತ್ತಿದ್ದ ಕಾಲ ಅದು. ಬಾಯಿಮಾತನ್ನು ಯಾರೂ ನಂಬರು. ಕ್ರೇನಿನಿಂದ ಭಾರಿ ಉಕ್ಕಿನ ಕತ್ತಿ ಬೀಳಿಸಿ ರೆಕ್ಕೆ, ಬಾಲ ತುಂಡರಿಸಬೇಕು. ರಷ್ಯದ ಉಪಗ್ರಹ ಮೇಲಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಲೆಂದು ಆ ತುಂಡುಗಳನ್ನು ಮೂರು ತಿಂಗಳು ಬಯಲಲ್ಲೇ ಬಿಡಬೇಕು.

ಒಂದು ದಿನ ಕತ್ತಿಯ ಕೆಳಗೆ ಬಂದದ್ದು ಕುಕೊನದೇ ವಿಮಾನ. ಬಾಲದ ಮೇಲಿನ ಸಂಖ್ಯೆ ನೋಡಿ ಗುರುತು ಹಿಡಿದ.

"ರಜಾ ಹಾಕ್ಕೊಂಡು ಮನೇಲಿರಯ್ಯ," ಎಂದ ಮೇಸ್ತ್ರಿ ಪ್ರೂಯಿಟ್.

"ಯಾಕೆ? ಬೇರೆಯವರು ಕೈ ಹಾಕಿದ್ರೆ ಗಲೀಜು ಮಾಡಿಡ್ತಾರೆ."

ಕತ್ತಿ ಬಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಕುಕೊ ಟ್ರ್ಯಾಕ್ಟರ್ ಹತ್ತಿ, ತುಂಡುಗಳನ್ನು ಮೆಲ್ಲಗೆ ನೂಕಿ, ರೆಕ್ಕೆಯನ್ನು ರೆಕ್ಕೆಯ ಜಾಗಕ್ಕೆ, ಬಾಲವನ್ನು ಬಾಲದ ಜಾಗಕ್ಕೆ ತಂದು ಕೂಡಿಸಿದ. ಹೆಣಕ್ಕೆ ಶೃಂಗಾರ ಮಾಡಿದ ಎನ್ನಿ. ಅಭ್ಯಾಸಬಲ ಎಂದು ಆಮೇಲೆ ಹೇಳಿದ, ಇರಲೂಬಹುದು. ಪಕ್ಕದಿಂದ ನೋಡುವವರಿಗೆ ಅದು ಗುಜರಿಯಾಗಿಯೇ ಕಾಣುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಿಂಗಳಾದ ಮೇಲೆ ಪ್ರೂಯಿಟ್ ಮುಖ ಕೆಂಪಗೆ ಮಾಡಿಕೊಂಡು ಬಂದ.

"ಏನಯ್ಯ ಮಾಡಿಟ್ಟಿದ್ದೀಯ? ಮೇಲಿಂದ ನೋಡಿದ್ರೆ ಕತ್ತರಿಸಿದ್ದು ಕಾಣೋದೇ ಇಲ್ವಂತೆ! ಮಾಸ್ಕೋದಿಂದ ವಾಷಿಂಗ್ಟನ್‌ಗೆ ದೂರು ಹೋಗಿದೆ, ಅಲ್ಲಿಂದ ಬೈಗುಳ ನನಗೆ ಬಂದಿದೆ."

"ಏನಂತೆ ದೂರು?"

"ಇದಿನ್ನೂ ಹಾರೋ ವಿಮಾನವಂತೆ. ಹಾರೋವುಗಳ ಲೆಕ್ಕದಲ್ಲೇ ಇಟ್ಕೊಂಡಿದ್ದಾರೆ."

ಕುಕೊ ಟೋಪಿ ತೆಗೆದು ಬೆವರು ಒರೆಸಿಕೊಂಡ. "ನಿಜವಾಗ್ಲೂ?"

"ನಗ್ತಿದ್ದೀಯಾ? ಎಳೆದು ಚೆಲ್ಲಾಪಿಲ್ಲಿ ಮಾಡು, ಈಗ್ಲೇ!"

ಕುಕೊ ನಗುತ್ತಿದ್ದುದು ನಿಜ. ಅವನಿಗೆ ಹೇಳಲಾರದಷ್ಟು ಸಂತೋಷವಾಗಿತ್ತು. ಸ್ವಂತ ದೇಶವೇ ಗುಜರಿ ಎಂದು ಕೈಬಿಟ್ಟ ವಿಮಾನ ಇನ್ನೂ ಹಾರಬಲ್ಲದು ಎಂದು ಶತ್ರುಗಳು ಹೆದರಿಕೊಂಡಿದ್ದರು. ಅಂಥ ಮರ್ಯಾದೆಯನ್ನು ಅದಕ್ಕೆ ಬೇರೆ ಯಾರೂ ಕೊಟ್ಟಿರಲಿಲ್ಲ. ಈಗ ತಾನು ಸರಪಳಿ ಕಟ್ಟಿ ಎಳೆದರೆ ಆ ಒಂದು ಲೆಕ್ಕದಿಂದಲೂ ಅದು ಹೋಗುತ್ತದೆ. ಅವನು ದಕ್ಷಿಣದ ಬೆಟ್ಟಗಳ ಕಡೆ ನೋಡಿದ. ಜುಲೈ ತಿಂಗಳು, ಮೋಡ ಕವಿಯುತ್ತಿತ್ತು.

"ಇವತ್ತು ಎಳೆದು ಏನು ಬಂತು ಮಾರಾಯ? ಮೋಡದ ಮೇಲಿಂದ ಅವರಿಗೇನು ಕಾಣುತ್ತೆ, ಮಣ್ಣು?"

ಪ್ರೂಯಿಟ್ ಕತ್ತೆತ್ತಿ ನೋಡಿದ. "ಹಾಳಾಗ್ ಹೋಗು. ಮೋಡ ಬಿಟ್ಟ ತಕ್ಷಣ ಎಳೀಬೇಕು. ನಿನ್ ಕೈಲಾಗದಿದ್ರೆ ಬೇರೆಯವರಿಗೆ ಹೇಳ್ತೀನಿ."

"ಬೇರೆಯವರು ಬೇಡ."

ಮೋಡ ಕೆಲವು ದಿನ ನಿಂತಿತು. ಕುಕೊ ಬೆಳಿಗ್ಗೆ ಎದ್ದವನೇ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದ; ಕಪ್ಪಗಿದ್ದರೆ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದ. "ಒಣಗೋಕೆ ಹಾಕಿದ ಮಾಂಸ ಹುಳ ಬೀಳೋ ಹಾಗಾಗಿದೆ, ನಿಮಗೆ ಹಬ್ಬ," ಎಂದು ಚೋನಾ ಗೊಣಗಿದಳು. ಅವನು ವಿಷಯವನ್ನೆಲ್ಲ ಹೇಳಿದ. ಅವಳು ಮತ್ತೆ ಮಾಂಸದ ಮಾತೆತ್ತಲಿಲ್ಲ.

ಒಂದು ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಕುಕೊ ತಾನೇ ಸರಪಳಿ ಕಟ್ಟಿದ, ತಾನೇ ಎಳೆದ. ರೆಕ್ಕೆ ಕಿರುಗುಟ್ಟುತ್ತ ಮಣ್ಣಿನಲ್ಲಿ ಸರಿಯಿತು. "ಇನ್ನೂ, ಇನ್ನೂ," ಎಂದ ಪ್ರೂಯಿಟ್. ಇನ್ನೂ ಎಳೆದ. ಬಾಲವನ್ನು ಅಡ್ಡಡ್ಡ ತಿರುಗಿಸಿ ಬಿಟ್ಟ. ಯಾರು ನೋಡಿದರೂ ವಿಮಾನ ಎನ್ನದ ಹಾಗೆ ಆದಾಗ ಎಂಜಿನ್ ನಿಲ್ಲಿಸಿದ.

ಮಧ್ಯಾಹ್ನವೇ ಮನೆಗೆ ಬಂದವನನ್ನು ಕಂಡು ಚೋನಾ ಏನಾಯಿತೆಂದು ಕೇಳಿದಳು.

"ನನ್ನ ವಿಮಾನ ಹೋಯ್ತು ಕಣೆ."

"ಯಾವಾಗ?"

"ಇವತ್ತು ಬೆಳಿಗ್ಗೆ."

ಅದನ್ನು ಕತ್ತರಿಸಿ ತಿಂಗಳು ದಾಟಿತ್ತೆಂದು ಚೋನಾಗೆ ಚೆನ್ನಾಗಿ ಗೊತ್ತಿತ್ತು. ಅವಳು ತಿದ್ದಲು ಹೋಗಲಿಲ್ಲ. ಎದ್ದುಹೋಗಿ, ಹಾಡುತ್ತಿದ್ದ ರೇಡಿಯೋ ನಿಲ್ಲಿಸಿದಳು.