ಗುಮ್ಮಟದ ಕೆಳಗೆ ಪಿಸುಮಾತು

ಊರಿನ ಸಾರ್ವಜನಿಕ ಸ್ನಾನಗೃಹದ ಹೆಂಗಸರ ಕಡೆ ಮೂವತ್ತೊಂದು ವರ್ಷ ನೀರು ಕಾಯಿಸಿ, ಬೆನ್ನು ಉಜ್ಜಿ, ಟವೆಲು ಒಗೆದು ಒಣಹಾಕಿದವಳನ್ನು ಎಲ್ಲರೂ ಬಿಸಿನೀರಕ್ಕ ಎಂದೇ ಕರೆಯುತ್ತಿದ್ದರು. ಮನೆಮನೆಗೂ ನಲ್ಲಿ, ಗೀಸರು ಬಂದ ಮೇಲೆ ಸ್ನಾನಗೃಹಕ್ಕೆ ಬೀಗ ಬಿತ್ತು. ಏಳು ವರ್ಷ ಪಾಳು ಬಿದ್ದ ಕಟ್ಟಡವನ್ನು ಕೊನೆಗೆ ಗ್ರಂಥಾಲಯ ಮಾಡಿದರು. ತೊಟ್ಟಿಯ ಮೇಲೆ ಹಲಗೆ ಹಾಸಿ ಮೇಜು ಇಟ್ಟರು. ಬಟ್ಟೆ ಬಿಚ್ಚಿಡುವ ಗೂಡುಗಳಲ್ಲಿ ಪುಸ್ತಕ ಜೋಡಿಸಿದರು.

"ನೋಡ್ಕೊಂಡು ಬರೋಣ ನಡೀರಿ ಅತ್ತೆ" ಎಂದು ಸೊಸೆ ಒಂದು ಬೆಳಿಗ್ಗೆ ಹೊರಡಿಸಿದಳು.

"ಓದೋರ ಮಧ್ಯೆ ನನಗೇನು ಕೆಲಸ?" ಎಂದು ಗೊಣಗುತ್ತಲೇ ಬಿಸಿನೀರಕ್ಕ ತಲೆ ಬಾಚಿಕೊಂಡಳು.

ಅಲ್ಲಿ ಗ್ರಂಥಪಾಲಕರು ತಲೆ ಮೇಲೆ ಕೈಹೊತ್ತು ಕೂತಿದ್ದರು. ಗುಮ್ಮಟದ ಕೆಳಗಿನ ಓದುವ ಕೋಣೆಯಲ್ಲಿ ಒಬ್ಬರು ಗುಸುಗುಟ್ಟಿದರೆ ಎದುರು ಮೂಲೆಯವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತಿತ್ತು. ಓದುಗರು ಒಬ್ಬೊಬ್ಬರಾಗಿ ಕಾಲು ಕಿತ್ತಿದ್ದರು.

ಬಿಸಿನೀರಕ್ಕನಿಗೆ ನಗು ತಡೆಯಲಾಗಲಿಲ್ಲ. "ಸಾರ್, ಈ ಊರಿನ ಹೆಂಗಸರ ಗುಟ್ಟೆಲ್ಲ ನನಗೆ ಗೊತ್ತಾಗಿದ್ದೇ ಹೀಗೆ. ಒಳಗೆ ಟವೆಲ್ ಒಣಹಾಕಿದ ದಿನ ಮಾತ್ರ ಒಂದಕ್ಷರ ಕೇಳ್ತಿರಲಿಲ್ಲ. ದಪ್ಪ ಪರದೆ ಕಟ್ಟಿಸಿ."

"ಎಲ್ಲೆಲ್ಲಿ ಕಟ್ಟಿಸಲಮ್ಮ?"

ಅದನ್ನು ಪತ್ತೆ ಮಾಡಲು ಸೊಸೆಯನ್ನು ಆಚೆ ಮೂಲೆಗೆ ಕಳಿಸಿ, ತಾನು ಈಚೆ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತಳು. ಏನು ಹೇಳುವುದೆಂದೇ ತೋಚಲಿಲ್ಲ. ಸೊಸೆ ಮನೆಗೆ ಬಂದ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡದ ಮೆಚ್ಚುಗೆ ತಾನಾಗಿ ಜಾರಿತು. "ನನ್ನ ಸೊಸೆ ಅಪ್ಪಟ ಬಂಗಾರ. ಕೆಲಸ ಹೋಗಿ ನಾನು ಮುಖ ಗಂಟುಹಾಕ್ಕೊಂಡು ಕೂತಿದ್ದಾಗ ಒಂದು ದಿನಾನೂ ಎದುರಾಡಲಿಲ್ಲ. ಮುಖದ ಮೇಲೆ ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ ಅಂತ ಸುಮ್ಮನಿದ್ದೀನಿ."

ಆಚೆ ಮೂಲೆಯಿಂದ ಸೊಸೆಯ ದನಿ ತೇಲಿಬಂತು: "ಅತ್ತೆ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

"ಕಳ್ಳಿ! ಕೇಳಿದ್ದು ಸಾಕು ಬಾ" ಎಂದಳು ಬಿಸಿನೀರಕ್ಕ. ಸೊಸೆ ನಗುತ್ತಲೇ ಬಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ಗ್ರಂಥಪಾಲಕರು ಏನೂ ಕೇಳದವರ ಹಾಗೆ ಯಾವುದೋ ಪುಸ್ತಕ ತಿರುವಿಹಾಕುತ್ತಿದ್ದರು. ಅದು ತಲೆಕೆಳಗಾಗಿತ್ತು.

ವಾರದೊಳಗೆ ಬಿಸಿನೀರಕ್ಕನೇ ಮುಂದೆ ನಿಂತು ಎಂಟು ಕಡೆ ಪರದೆ ಕಟ್ಟಿಸಿದಳು. ಕೋಣೆ ಗಪ್‌ಚುಪ್ಪಾಯಿತು, ಓದುಗರು ಮರಳಿದರು. ಗ್ರಂಥಪಾಲಕರು ಅವಳನ್ನು ಬಿಡಲಿಲ್ಲ. ಮಕ್ಕಳ ಕೋಣೆ ನೋಡಿಕೊಳ್ಳುವ ಕೆಲಸ ಕೊಟ್ಟರು. ಅಲ್ಲಿ ಅವಳದೇ ಕಾನೂನು: ಕೈ ಕೊಳೆಯಾದ ಮಗುವನ್ನು ನಲ್ಲಿಗೆ ಎಳೆದೊಯ್ದು, ಗಸಗಸ ತಿಕ್ಕಿ ತೊಳೆದ ಮೇಲೆಯೇ ಪುಸ್ತಕ. ಮಧ್ಯಾಹ್ನ ಬಿಡುವಾದಾಗ ದಪ್ಪಕ್ಷರದ ಕಥೆಯೊಂದನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಸಂಜೆ ಮನೆಗೆ ಹೋಗಿ, ಅದೇ ಕಥೆಗೆ ಉಪ್ಪುಖಾರ ಹಚ್ಚಿ ಸೊಸೆಗೆ ಹೇಳುತ್ತಾಳೆ.