ಬಂಕಿನ ಮ್ಯಾನೇಜರರ ವಿಮಾನ ನಿಲ್ದಾಣ

ಹೊನ್ನಾಳಿಯ ಪೆಟ್ರೋಲ್ ಬಂಕಿನ ಮ್ಯಾನೇಜರ್ ಹಾಲಸ್ವಾಮಿಯವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದಲ್ಲಿ, ನಿಲ್ದಾಣಗಳ ಇಂಧನ ತುಂಬುವ ಜಾಗವನ್ನು ಅಳಿಸಿ, ತಮ್ಮ ಅಳತೆಯಲ್ಲಿ ಹೊಸದಾಗಿ ಗೆರೆ ಎಳೆದು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹಾಕದಿದ್ದರೆ ಅವರಿಗೆ ಊಟ ಸೇರದು. ಬಂಕಿನ ಅಭ್ಯಾಸ ನೋಡಿ, ಅವರ ನಿಲ್ದಾಣದಲ್ಲಿ ಮುನ್ನೂರು ಸೀಟಿನ ವಿಮಾನವೂ ಸ್ಕೂಟರಿನಂತೆ ಸಾಲಿನಲ್ಲಿ ನಿಂತು ಪಂಪಿನ ಬಳಿಗೇ ಬರಬೇಕು. ಅದೇ ಆಟಕ್ಕೆ ಹೀಗೇ ನಿಲ್ದಾಣ ಮಾಡಿ ಹಾಕುವ ಜಗಳೂರಿನ ತಿಪ್ಪೇಸ್ವಾಮಿ ಮೇಷ್ಟ್ರು ಮಾತ್ರ ತಮ್ಮ ನಿಲ್ದಾಣದಲ್ಲಿ ಟ್ಯಾಂಕರನ್ನೇ ವಿಮಾನದ ರೆಕ್ಕೆಯಡಿಗೆ ಕಳಿಸುತ್ತಾರೆ. ಹಾಲಸ್ವಾಮಿಯವರಿಗೆ ಅದೇ ಹೊಟ್ಟೆಯುರಿ. “ಒಂದಿನ ಪಂಪ್ ಮುಟ್ಟಿದೋನಲ್ಲ, ಬಂದ್ಬಿಟ್ಟ ಪೆಟ್ರೋಲ್ ಹಾಕಾಕೆ!” ಎನ್ನುತ್ತ ಮೇಷ್ಟ್ರ ಫೈಲನ್ನು ಡೌನ್‌ಲೋಡ್ ಮಾಡಿ ತಪ್ಪು ಹುಡುಕುತ್ತಾರೆ, ಸಿಗದಿದ್ದರೆ ಸಿಟ್ಟಿನಿಂದ ಅಳಿಸಿ, ಮರುದಿನ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಅದರ ಡೌನ್‌ಲೋಡ್ ಸಂಖ್ಯೆ ದಿನಕ್ಕೊಂದು ಏರುವುದನ್ನು ಕಂಡು ಇನ್ನಷ್ಟು ಉರಿಯುತ್ತಾರೆ. “ರೀ, ದಿನಾ ಮಾಡ್ತಿರೋರು ನೀವೊಬ್ರೇ ಅಲ್ವೇನ್ರೀ?” ಎಂದು ಹೆಂಡತಿ ಸರ್ವಮಂಗಳಮ್ಮ ನಕ್ಕಾಗ, ಹಟ ಹಿಡಿದು ಎರಡು ದಿನ ಅದನ್ನು ಮುಟ್ಟಲಿಲ್ಲ. ಸಂಖ್ಯೆ ಇದ್ದಲ್ಲೇ ನಿಂತಿತು. ಗೆದ್ದವರಂತೆ ಎರಡೆರಡು ಸಲ ಚಹಾ ಕುಡಿದರು. ಮೂರನೆಯ ದಿನ ಪರದೆಯನ್ನೇ ನೋಡುತ್ತ, “ಇಷ್ಟು ಚೆಂದ ಮಾಡ್ಯಾನೆ, ನೋಡಾಕೆ ಒಬ್ರೂ ಬರ್ಲಿಲ್ವಲ್ಲೇ” ಎಂದು ಹೆಂಡತಿಯ ಮೇಲೆ ರೇಗಿ, ತಾವೇ ಡೌನ್‌ಲೋಡ್ ಒತ್ತಿದರು.